ಮೆಂಟರ್ ಪಟ್ಟಿಯಲ್ಲಿ ಹೆಸರಿದೆ, ಮಾತಾಡಿಸುವವರು ಎಲ್ಲಿ?

ಬನಶಂಕರಿ ಬಸ್ ನಿಲ್ದಾಣದಲ್ಲಿ ನಾಲ್ಕೂವರೆಯೊಳಗೆ ಕನಕಪುರ ಕಡೆಯ ಬಸ್ ಹತ್ತಿದರೆ ಹಾರೋಹಳ್ಳಿಯ ನಮ್ಮ ಮನೆಗೆ ಬೆಳಕಿರುವಾಗಲೇ ಸೇರಿಕೊಳ್ಳುತ್ತೇನೆ. ಐದೂವರೆಯ ಬಸ್ಸಾದರೆ ಕೋಣನಕುಂಟೆ ಕ್ರಾಸ್, ಕಗ್ಗಲೀಪುರ ಅಂತ ಒಂದೊಂದು ಕಡೆ ನಿಂತು ನಿಂತು ರಾತ್ರಿಯಾಗುತ್ತದೆ, ಅಮ್ಮ ಎರಡು ಸಲ ಫೋನ್ ಮಾಡಿರುತ್ತಾಳೆ. ನಮ್ಮ ಕಾಲೇಜಿನ ವೇಳಾಪಟ್ಟಿಯಲ್ಲಿ ‘ಮೆಂಟರಿಂಗ್ ಅವರ್’ ಅಂತ ಒಂದು ಚೌಕವಿದೆ. ಅದು ಶುಕ್ರವಾರ ಸಂಜೆ ನಾಲ್ಕರಿಂದ ಐದು. ಹಳ್ಳಿಯಿಂದ ಓಡಾಡುವವರು, ಪಾರ್ಟ್‌ಟೈಮ್ ಕೆಲಸಕ್ಕೆ ಹೋಗುವವರು, ಅಂದರೆ ಯಾರಿಗೆ ಆ ಗಂಟೆ ಹೆಚ್ಚು ಬೇಕಿತ್ತೋ ಅವರೆಲ್ಲ ಆ ಹೊತ್ತಿಗೆ ಗೇಟು ದಾಟಿರುತ್ತಾರೆ. ಉಳಿಯುವವರು ಜಯನಗರದಲ್ಲೇ ಮನೆ ಇರುವವರು. ಅವರಿಗೆ ಅಪ್ಪ, ಅಮ್ಮ, ಸಿಎ ಓದಿದ ಚಿಕ್ಕಪ್ಪ ಎಲ್ಲರೂ ಮೆಂಟರ್‌ಗಳೇ.

ನಾನು ಬಿ.ಕಾಂ. ಕೊನೆಯ ವರ್ಷದ ವಿದ್ಯಾರ್ಥಿನಿ. ದಕ್ಷಿಣ ಬೆಂಗಳೂರಿನ ಒಂದು ಕಾಲೇಜು, ಹೆಸರು ಬೇಡ. ಯಾಕೆಂದರೆ ಇದನ್ನು ಓದುವ ಹತ್ತು ಕಾಲೇಜಿನ ಹುಡುಗರು ‘ಅರೆ, ನಮ್ಮದೇ’ ಅನ್ನುತ್ತಾರೆಂಬ ನಂಬಿಕೆ ನನಗಿದೆ. ಫಸ್ಟ್ ಇಯರ್‌ನಲ್ಲಿ ನೋಟಿಸ್ ಬೋರ್ಡಿನ ಮೇಲೆ ಮೆಂಟರ್ ಪಟ್ಟಿ ಹಾಕಿದ್ದರು. ಒಬ್ಬ ಅಧ್ಯಾಪಕರ ಹೆಸರಿನ ಕೆಳಗೆ ಅರವತ್ತು ವಿದ್ಯಾರ್ಥಿಗಳು. ಅವರ ಮುಖ ನೋಡಿದ್ದು ಎರಡನೇ ಸೆಮಿಸ್ಟರ್‌ನಲ್ಲಿ, ಅದೂ ಪರಿಶೀಲನೆಗೆ ತಂಡ ಬರುತ್ತದೆಂದು ಗೊತ್ತಾದ ಮೇಲೆ. ಒಂದು ಮಧ್ಯಾಹ್ನ ಎಲ್ಲರನ್ನೂ ಸೆಮಿನಾರ್ ಹಾಲಿಗೆ ಕರೆದು ಕಾರ್ಡು ಕೊಟ್ಟರು. ಅದರಲ್ಲಿ ‘ಭೇಟಿಯ ದಿನಾಂಕ’ ಎಂಬ ಆರು ಖಾನೆ. ಆರಕ್ಕೂ ಬೇರೆ ಬೇರೆ ತಿಂಗಳ ತಾರೀಖು ಬರೆದು ಆರು ಸಹಿ ಹಾಕಿದೆವು. ಪೆನ್ನಿನ ಬಣ್ಣ ಬದಲಾಯಿಸಿ ಅಂತ ಹಿಂದಿನ ಬೆಂಚಿನಿಂದ ಯಾರೋ ಬುದ್ಧಿವಂತ ಕೂಗಿದ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಅಧ್ಯಾಪಕರನ್ನು ದೂರಲು ಇದನ್ನು ಹೇಳುತ್ತಿಲ್ಲ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನ ಕೈಪಿಡಿಯಲ್ಲಿ ‘ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು’ ಎಂಬುದು ಅಂಕ ತರುವ ಒಂದು ಅಂಶವಾಗಿತ್ತು. ಉದ್ದೇಶ ಚೆನ್ನಾಗಿಯೇ ಇದೆ. ಆದರೆ ಅದು ಅಳೆದದ್ದು ಅನುಪಾತವನ್ನು, ಮಾತುಕತೆಯನ್ನಲ್ಲ. ಅನುಪಾತಕ್ಕೆ ಪಟ್ಟಿ ಸಾಕು, ಮಾತುಕತೆಗೆ ಸಮಯ ಬೇಕು. ಪಟ್ಟಿ ಸುಲಭ, ಹಾಗಾಗಿ ಪಟ್ಟಿ ಬಂತು.

ಇದರಿಂದ ಏನು ನಷ್ಟ ಅಂತ ಕೇಳಿದರೆ ನನ್ನ ಕ್ಲಾಸ್‌ಮೇಟ್ ಒಬ್ಬನ ಕಥೆ ಹೇಳಬೇಕು. ಹೊಸದುರ್ಗ ಕಡೆಯ ಹುಡುಗ, ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ, ಅಕೌಂಟೆನ್ಸಿಯಲ್ಲಿ ನಮಗೆಲ್ಲ ಹೇಳಿಕೊಡುತ್ತಿದ್ದವನು. ಸರ್ಕಾರಿ ಹಾಸ್ಟೆಲ್ ಸಿಗಲಿಲ್ಲ, ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿ ನಾಲ್ವರ ರೂಮಿನಲ್ಲಿದ್ದ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ‘ವಿದ್ಯಾಸಿರಿ’ ಯೋಜನೆಯಲ್ಲಿ ಆಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಹಣ ಬರುತ್ತಿತ್ತು. ಅವನೂ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದ. ಹಣ ಬರಲಿಲ್ಲ. ಕಾರಣ ತೀರಾ ಸಣ್ಣದು: ಅವನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿತ್ತು, ಆದರೆ ಸರ್ಕಾರದ ಹಣ ಹೋಗುವ ಎನ್‌ಪಿಸಿಐ ಮ್ಯಾಪಿಂಗ್ ಆಗಿರಲಿಲ್ಲ. ಬ್ಯಾಂಕಿಗೆ ಹೋಗಿ ಒಂದು ಫಾರ್ಮ್ ಕೊಟ್ಟರೆ ಮುಗಿಯುವ ಕೆಲಸ. ಅದು ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಗೊತ್ತಿದ್ದವರು ಅವನನ್ನು ಕೇಳಲಿಲ್ಲ.

ಪಿಜಿ ಬಾಡಿಗೆಗೆ ಅಂತ ಅವನು ಫುಡ್ ಡೆಲಿವರಿಗೆ ಸೇರಿದ. ಸಿಲ್ಕ್ ಬೋರ್ಡ್, ಎಚ್‌ಎಸ್‌ಆರ್, ಕೋರಮಂಗಲ ಸುತ್ತಿ ರಾತ್ರಿ ಒಂದಕ್ಕೆ ರೂಮಿಗೆ ಬರುತ್ತಿದ್ದ. ನಮ್ಮ ಕ್ಲಾಸು ಬೆಳಿಗ್ಗೆ ಎಂಟಕ್ಕೆ. ಮೊದಲು ಫಸ್ಟ್ ಅವರ್ ತಪ್ಪಿತು, ಆಮೇಲೆ ಮೊದಲೆರಡು. ಮೂರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಶೇ 75 ಹಾಜರಾತಿ ಇಲ್ಲದವರ ಪಟ್ಟಿ ಹಾಕಿದರು. ಅವನ ಹೆಸರಿತ್ತು. ಪರೀಕ್ಷೆಗೆ ಕೂರಲು ಬಿಡಲಿಲ್ಲ.

ನಿಯಮ ನಿಯಮವೇ, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ಹಾಜರಾತಿ ಪುಸ್ತಕ ದಿನವೂ ತೆರೆಯುತ್ತಿತ್ತಲ್ಲ? ಅವನ ಹೆಸರಿನ ಮುಂದೆ ‘ಎ’ ಬೀಳತೊಡಗಿದ್ದು ಸೆಮಿಸ್ಟರ್‌ನ ಮೂರನೇ ವಾರದಿಂದ. ‘ಯಾಕೋ ಬೆಳಿಗ್ಗೆ ಬರ್ತಾ ಇಲ್ಲ?’ ಎಂಬ ಪ್ರಶ್ನೆಯನ್ನು ಆ ವಾರವೇ ಒಬ್ಬರು ಕೇಳಿದ್ದರೆ ಉತ್ತರದಲ್ಲಿ ಡೆಲಿವರಿ ಬರುತ್ತಿತ್ತು, ಡೆಲಿವರಿಯ ಹಿಂದೆ ಬಾಡಿಗೆ, ಬಾಡಿಗೆಯ ಹಿಂದೆ ಬಾರದ ವಿದ್ಯಾಸಿರಿ, ಅದರ ಹಿಂದೆ ಬ್ಯಾಂಕಿನ ಆ ಫಾರ್ಮು. ಕೇಳಿದ್ದು ಸೆಮಿಸ್ಟರ್‌ನ ಕೊನೆಗೆ, ಅದೂ ಪ್ರಶ್ನೆಯಾಗಿ ಅಲ್ಲ, ಪಟ್ಟಿಯಾಗಿ. ಕಾಲೇಜು ವಿದ್ಯಾರ್ಥಿಗಳ ಸಲಹೆಗಾರರು ಹೇಗಿರಬೇಕು ಎಂಬ ಬಗ್ಗೆ ಏನೇನೋ ಹೇಳಬಹುದು, ನನ್ನ ಮಟ್ಟಿಗೆ ಅರ್ಧ ವಿಷಯ ಇದೇ: ಬೇಗ ಕೇಳಬೇಕು, ಮತ್ತು ಅಂಕ ಬಿಟ್ಟು ಬೇರೆಯದನ್ನು ಕೇಳಬೇಕು.

ಅವನ ತೊಂದರೆ ಅಲ್ಲಿಗೆ ನಿಲ್ಲಲಿಲ್ಲ. ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. 2021ರ ಆಗಸ್ಟ್‌ನಲ್ಲಿ ದೇಶದಲ್ಲೇ ಮೊದಲು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತರುವ ಆದೇಶ ಹೊರಡಿಸಿದ್ದು ಕರ್ನಾಟಕ. ನಾಲ್ಕು ವರ್ಷದ ಆನರ್ಸ್, ಓಪನ್ ಎಲೆಕ್ಟಿವ್, ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ ಎಂದೆಲ್ಲ ಬಂತು. 2024ರ ಮೇ ತಿಂಗಳಲ್ಲಿ, ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. 2023ರಲ್ಲಿ ಸೇರಿದ ನಾವು ಎನ್‌ಇಪಿಯ ಕೊನೆಯ ಬ್ಯಾಚ್. ನಮ್ಮ ಹಿಂದಿನವರಿಗೆ ಎಸ್‌ಇಪಿ. ಯಾವ ನೀತಿ ಒಳ್ಳೆಯದು ಎಂಬ ಜಗಳ ಇಲ್ಲಿ ಬೇಡ, ಅದಕ್ಕೆ ಟಿವಿ ಚಾನೆಲ್‌ಗಳಿವೆ. ನಮ್ಮ ಕಾರಿಡಾರ್‌ನಲ್ಲಿ ಅದರ ಅರ್ಥ ಇಷ್ಟು: ಒಂದೇ ಕಾಲೇಜಿನಲ್ಲಿ, ಒಂದೇ ಬಿ.ಕಾಂ.ಗೆ, ಎರಡು ಪಠ್ಯಕ್ರಮ, ಎರಡು ರೀತಿಯ ನಿಯಮ. ತಪ್ಪಿದ ಸೆಮಿಸ್ಟರ್ ಮತ್ತೆ ಮಾಡಲು ನನ್ನ ಗೆಳೆಯ ಜೂನಿಯರ್‌ಗಳ ಜೊತೆ ಕೂರಬೇಕು, ಜೂನಿಯರ್‌ಗಳಿಗೆ ಬೇರೆ ಪಠ್ಯ. ಹಾಗಾದರೆ ಅವನು ಯಾವ ಪೇಪರ್ ಬರೆಯಬೇಕು, ಯಾವ ಕ್ಲಾಸಿಗೆ ಹಾಜರಾಗಬೇಕು? ಆಫೀಸಿನಲ್ಲಿ ಕೇಳಿದರೆ ಯೂನಿವರ್ಸಿಟಿ ಕೇಳಿ ಅಂದರು. ಅಲ್ಲಿ ಕೇಳಿದರೆ ನಿಮ್ಮ ಕಾಲೇಜು ಕೇಳಿ ಅಂದರು. ಅವನು ಮೂರನೇ ಸಲ ಕೇಳಲಿಲ್ಲ.

ಸೀನಿಯರ್‌ಗಳನ್ನು ಕೇಳಬಹುದಿತ್ತಲ್ಲ ಅನ್ನಬಹುದು ನೀವು. ನಮ್ಮ ಏರಿಯಾದಲ್ಲಿ ಅದೂ ಕಷ್ಟ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. ಜಯನಗರದ ನ್ಯಾಷನಲ್ ಕಾಲೇಜು, ಎನ್‌ಎಂಕೆಆರ್‌ವಿಯಂಥವು ಸ್ವಾಯತ್ತ, ಪರೀಕ್ಷೆ ಅವುಗಳದ್ದೇ. ಪಿಇಎಸ್ ಖಾಸಗಿ ವಿಶ್ವವಿದ್ಯಾಲಯ, ಹೊಸೂರು ರಸ್ತೆಯ ಕ್ರೈಸ್ಟ್ ಡೀಮ್ಡ್. ಬನಶಂಕರಿಯಿಂದ ಸಿಲ್ಕ್ ಬೋರ್ಡ್‌ವರೆಗೆ ಆರೇಳು ಕಿಲೋಮೀಟರ್‌ನಲ್ಲಿ ಹಾಜರಾತಿ, ಇಂಟರ್ನಲ್ಸ್, ಮರುಪರೀಕ್ಷೆಯ ನಿಯಮ ಹತ್ತು ಥರ. ಪಿಜಿಯ ಪಕ್ಕದ ಮಂಚದವನ ಸಲಹೆ ಪ್ರೀತಿಯದ್ದೇ ಇರಬಹುದು, ಆದರೆ ಅವನ ಕಾಲೇಜಿನದ್ದು. ಹಾಗಾಗಿ ನಮ್ಮ ಕಾಲೇಜಿನ ನಿಯಮ ಓದಿದ, ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಸೋಮವಾರದೊಳಗೆ ತಿಳಿದು ಹೇಳ್ತೀನಿ’ ಅನ್ನುವ, ಸೋಮವಾರ ನಿಜವಾಗಿ ಹೇಳುವ ಒಬ್ಬರು ಬೇಕು. ತಿಳಿದು ಹೇಳುವ ಕೆಲಸ ಅವರದ್ದು, ವಿದ್ಯಾರ್ಥಿಯನ್ನು ಕೌಂಟರ್‌ನಿಂದ ಕೌಂಟರ್‌ಗೆ ಕಳಿಸುವುದಲ್ಲ.

ಅಂಥವರು ಇಲ್ಲವೇ ಇಲ್ಲ ಅಂತಲ್ಲ. ನನಗೇ ಒಬ್ಬರು ಸಿಕ್ಕಿದ್ದರು, ಎರಡನೇ ವರ್ಷದಲ್ಲಿ. ಅತಿಥಿ ಉಪನ್ಯಾಸಕಿ, ನಮಗೆ ಬಿಸಿನೆಸ್ ಸ್ಟಾಟಿಸ್ಟಿಕ್ಸ್ ತೆಗೆದುಕೊಳ್ಳುತ್ತಿದ್ದರು. ಅವರು ಕೇಳಿದ ಮೊದಲ ಪ್ರಶ್ನೆ ಪರ್ಸೆಂಟೇಜ್ ಎಷ್ಟು ಅಂತ ಅಲ್ಲ. ‘ಮನೆಗೆ ಎಷ್ಟು ಗಂಟೆಗೆ ಸೇರ್ತೀಯ?’ ಅಂದರು. ಆಮೇಲೆ ಫೀಸ್ ಯಾರು ಕಟ್ಟುತ್ತಾರೆ, ಪಿಯುಸಿ ಯಾವ ಮಾಧ್ಯಮ, ತೊಂದರೆ ಬಂದರೆ ಮನೆಯಲ್ಲಿ ಯಾರಿಗೆ ಮೊದಲು ಹೇಳುತ್ತೀಯ. ನಾಲ್ಕೇ ಪ್ರಶ್ನೆ. ಉತ್ತರಗಳನ್ನು ಇನ್ನೂರು ಪುಟದ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡರು, ಒಬ್ಬೊಬ್ಬರಿಗೆ ಎರಡು ಪುಟ. ಶುಕ್ರವಾರದ ನಾಲ್ಕು ಗಂಟೆ ನಮಗೆ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಹತ್ತೂಕಾಲರ ಬ್ರೇಕ್‌ನಲ್ಲಿ ಕ್ಯಾಂಟೀನ್ ಪಕ್ಕದ ಮೆಟ್ಟಿಲ ಮೇಲೆ ಕೂರತೊಡಗಿದರು. ದಿನಕ್ಕೆ ಇಬ್ಬರು, ಹತ್ತು ನಿಮಿಷ. ಇಂಟರ್ನಲ್ಸ್ ಅಂಕ ಬಂದ ವಾರ ಪುಸ್ತಕ ತೆಗೆದು, ಕಡಿಮೆ ಬಂದವರನ್ನು ತಾವೇ ಹುಡುಕಿಕೊಂಡು ಬರುತ್ತಿದ್ದರು. ಕ್ಲಾಸಿನ ಎದುರು ಹೆಸರು ಕೂಗಿ ಎದ್ದು ನಿಲ್ಲಿಸಲಿಲ್ಲ. ನನ್ನ ಪ್ರೆಸೆಂಟೇಶನ್ ಇಂಗ್ಲಿಷಿನಲ್ಲಿ ತೊದಲುತ್ತಿತ್ತು. ‘ಮೊದಲು ಕನ್ನಡದಲ್ಲಿ ಹೇಳು, ವಿಷಯ ಗೊತ್ತಿದೆಯಾ ನೋಡೋಣ’ ಅಂದರು. ವಿಷಯ ಗೊತ್ತಿತ್ತು. ಅವತ್ತಿನಿಂದ ತೊದಲುವುದು ನನಗೆ ಅಷ್ಟು ದೊಡ್ಡ ವಿಷಯ ಅನ್ನಿಸಲಿಲ್ಲ.

ನನ್ನ ಗೆಳೆಯ ಅವರ ಪಟ್ಟಿಯಲ್ಲಿ ಇರಲಿಲ್ಲ. ರೋಲ್ ನಂಬರ್ ಪ್ರಕಾರ ಹಂಚಿದ್ದರು, ಅವನು ಮುಂದಿನ ಗುಂಪಿಗೆ ಬಿದ್ದ. ಅಷ್ಟೇ ವ್ಯತ್ಯಾಸ.

ಸ್ಕಾಲರ್‌ಶಿಪ್‌ನಂಥ ವಿಷಯ ಮೆಂಟರ್ ಕೆಲಸವಲ್ಲ, ಆಫೀಸಿನದ್ದು ಎಂದು ವಾದಿಸುವವರಿದ್ದಾರೆ. ಅಮೆರಿಕದ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಯ ಉದಾಹರಣೆ ನೋಡಿ. ಬಡವರು, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು ಹೆಚ್ಚು ಬರುವ ಸರ್ಕಾರಿ ವಿಶ್ವವಿದ್ಯಾಲಯ ಅದು. 2012ರಲ್ಲಿ ಅಲ್ಲಿ ಪ್ರತಿ ವಿದ್ಯಾರ್ಥಿಯ ದಾಖಲೆಯನ್ನು ದಿನವೂ ಗಮನಿಸುವ ವ್ಯವಸ್ಥೆ ತಂದರು. ಹಾದಿ ತಪ್ಪುವ 800ಕ್ಕೂ ಹೆಚ್ಚು ಸೂಚನೆಗಳಲ್ಲಿ ಒಂದು ಕಂಡರೂ ಸಲಹೆಗಾರರು ವಿದ್ಯಾರ್ಥಿಯನ್ನು ತಾವೇ ಸಂಪರ್ಕಿಸುತ್ತಾರೆ. ಎಷ್ಟೋ ಜನ ಪಾಠ ಬಾರದೆ ಅಲ್ಲ, ಕೆಲವೇ ನೂರು ಡಾಲರ್ ಬಾಕಿ ಉಳಿದದ್ದಕ್ಕೆ ಕಾಲೇಜು ಬಿಡುತ್ತಿದ್ದಾರೆ ಎಂಬುದು ಅವರಿಗೆ ಕಂಡಿತು. ಅಂಥವರಿಗೆ ಆ ಸಣ್ಣ ಮೊತ್ತವನ್ನು ವಿಶ್ವವಿದ್ಯಾಲಯವೇ ಕೊಡತೊಡಗಿತು. ಹಾಜರಾತಿ, ಫೀಸ್, ಸ್ಕಾಲರ್‌ಶಿಪ್ ಬೇರೆ ಬೇರೆ ಟೇಬಲ್‌ಗಳ ಮೇಲೆ ಇರುವುದು ಆಫೀಸಿನ ಅನುಕೂಲಕ್ಕೆ, ವಿದ್ಯಾರ್ಥಿಯ ಜೀವನದಲ್ಲಿ ಅವೆಲ್ಲ ಒಂದೇ. ನಮಗೆ 800 ಸೂಚನೆಯ ಸಾಫ್ಟ್‌ವೇರ್ ಬೇಡ. ಒಂದು ವಾರದಲ್ಲಿ ಮೂರು ದಿನ ಫಸ್ಟ್ ಅವರ್‌ಗೆ ಬಾರದವರ ಹೆಸರು ಮೆಂಟರ್ ಫೋನಿಗೆ ಬಂದರೆ ಸಾಕು. ಗೈರಾದರೆ ಅಪ್ಪನ ಫೋನಿಗೆ ಎಸ್‌ಎಂಎಸ್ ಕಳಿಸುವ ಕಾಲೇಜುಗಳು ಈಗಲೇ ಇವೆ. ಆ ಎಸ್‌ಎಂಎಸ್‌ನಿಂದ ಮನೆಯಲ್ಲಿ ಜಗಳ ಆಗುತ್ತದೆ, ಹಾಜರಾತಿ ಆಗುವುದಿಲ್ಲ. ಮೊದಲು ಹುಡುಗನನ್ನೇ ಕೇಳಿ, ಆಮೇಲೆ ಅಪ್ಪನಿಗೆ ಹೇಳುವುದಿದ್ದರೆ ಹುಡುಗನಿಗೆ ಹೇಳಿಯೇ ಹೇಳಿ.

ಈಗ ಇದು ಕೇವಲ ನಮ್ಮ ಗೊಣಗಾಟವೂ ಅಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಕುರಿತು 15 ಮಾರ್ಗಸೂಚಿಗಳನ್ನು ನೀಡಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಕನಿಷ್ಠ ಒಬ್ಬ ತರಬೇತಿ ಪಡೆದ ಆಪ್ತಸಮಾಲೋಚಕರು ಇರಬೇಕು. ಸಣ್ಣ ಸಣ್ಣ ಗುಂಪುಗಳಿಗೆ ಮೆಂಟರ್ ಅಥವಾ ಸಮಾಲೋಚಕರನ್ನು ನೇಮಿಸಬೇಕು, ಅದರಲ್ಲೂ ಪರೀಕ್ಷೆಯ ಸಮಯದಲ್ಲಿ ಮತ್ತು ಓದಿನ ಹಂತ ಬದಲಾಗುವಾಗ. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂಬ ಅಪರಾಧ ದಾಖಲೆ ಬ್ಯೂರೋ ಅಂಕಿಯನ್ನು ಆ ತೀರ್ಪು ಎತ್ತಿ ಹೇಳಿದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮೆಂಟರ್ ಎಂದರೆ ಡಾಕ್ಟರ್ ಅಲ್ಲ. ‘ಧೈರ್ಯ ತಗೋ, ಧ್ಯಾನ ಮಾಡು’ ಎಂದು ಬೆನ್ನು ತಟ್ಟಿ ಕಳಿಸುವುದು ಕೆಲವೊಮ್ಮೆ ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ನಿದ್ದೆ ಇಲ್ಲದ, ಊಟ ಬಿಟ್ಟ, ಸಾಯುವ ಮಾತಾಡುವ ಹುಡುಗ ಅಥವಾ ಹುಡುಗಿ ಕಂಡರೆ ಮೆಂಟರ್ ಮಾಡಬೇಕಾದದ್ದು ಅವರನ್ನು ಒಂಟಿಯಾಗಿ ಬಿಡದೆ ಗೊತ್ತಿರುವವರ ಬಳಿ ತಲುಪಿಸುವುದು. ಈ ವಿಷಯದಲ್ಲಿ ದಕ್ಷಿಣ ಬೆಂಗಳೂರಿನ ನಾವು ಅದೃಷ್ಟವಂತರು. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಆಸ್ಪತ್ರೆಯ ಗೇಟು ಅಂದರೆ ಹೆದರುವವರಿಗೆ ಬಿಟಿಎಂ ಲೇಔಟ್‌ನಲ್ಲೇ ನಿಮ್ಹಾನ್ಸ್‌ನ ‘ಸೆಂಟರ್ ಫಾರ್ ವೆಲ್ ಬೀಯಿಂಗ್’ ಇದೆ, ಓದಿನ ಒತ್ತಡ, ಮನೆಯ ಸಮಸ್ಯೆಯಂಥ ವಿಷಯಕ್ಕೂ ಹೋಗಿ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಅದೇ ಬಿಟಿಎಂನ ಎಷ್ಟು ಪಿಜಿಗಳ ಗೋಡೆಯ ಮೇಲೆ ಈ ನಂಬರ್ ಇದೆ? ನಾನು ನೋಡಿದ ಪಿಜಿಯ ಗೋಡೆಯಲ್ಲಿ ಬಾಡಿಗೆಯ ತಾರೀಖು, ವೈಫೈ ಪಾಸ್‌ವರ್ಡ್ ಮಾತ್ರ ಇದ್ದವು. ಮತ್ತೊಂದು ಮಾತು, ಮೆಟ್ಟಿಲ ಮೇಲೆ ಹೇಳಿದ್ದು ಸ್ಟಾಫ್‌ರೂಮಿಗೆ ಹೋಗಬಾರದು. ಒಬ್ಬಳ ಪ್ರೇಮ ಪ್ರಕರಣ ಒಂದು ಸಲ ಅಲ್ಲಿ ಚರ್ಚೆಯಾಯಿತು ಎಂದು ಗೊತ್ತಾದರೆ ಆ ವರ್ಷ ಇನ್ಯಾರೂ ಬಾಯಿ ಬಿಡುವುದಿಲ್ಲ.

ಹಿರಿಯರ ಬಳಿ ಇದನ್ನೆಲ್ಲ ಹೇಳಿದರೆ ಅವರು ಡಾ. ಎಚ್. ನರಸಿಂಹಯ್ಯನವರ ಹೆಸರು ತೆಗೆಯುತ್ತಾರೆ. ಗೌರಿಬಿದನೂರು ಬಳಿಯ ಹೊಸೂರಿನಿಂದ ಓದಲಿಕ್ಕಾಗಿ ಬೆಂಗಳೂರಿಗೆ ನಡೆದೇ ಬಂದವರು, ಬಸವನಗುಡಿ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಆದರೂ 2005ರಲ್ಲಿ ತೀರಿಕೊಳ್ಳುವವರೆಗೆ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ವಿದ್ಯಾರ್ಥಿಗಳ ನಡುವೆ ಬದುಕಿದರು. ಅವರ ಬಗ್ಗೆ ಓದಿದಾಗ ಗೌರವ ಬರುತ್ತದೆ. ಆದರೆ ಎಲ್ಲ ಅಧ್ಯಾಪಕರೂ ಎಚ್ಚೆನ್ ಆಗಲಿ ಎಂದು ಕೂರುವುದು ಒಂದು ರೀತಿಯ ಮೈಗಳ್ಳತನ ಅನ್ನಿಸುತ್ತದೆ ನನಗೆ. ಸಂಸಾರ, ಇಎಂಐ, ಟ್ರಾಫಿಕ್ ಇರುವ ಸಾಮಾನ್ಯ ಮೇಡಂ ಒಬ್ಬರು ಈ ಕೆಲಸವನ್ನು ಚೆನ್ನಾಗಿ ಮಾಡುವಂತಿರಬೇಕು. ಅದಕ್ಕೆ ತ್ಯಾಗ ಬೇಡ, ಗಂಟೆ ಬೇಕು.

ಆ ಗಂಟೆ ಎಲ್ಲಿದೆ? ನನ್ನ ಮೇಡಂ ಮೆಟ್ಟಿಲ ಮೇಲೆ ಕೂತದ್ದು ತಮ್ಮ ಟೀ ಬ್ರೇಕ್‌ನಲ್ಲಿ. ಅದು ಅವರ ಕಾರ್ಯಭಾರದ ಲೆಕ್ಕಕ್ಕೆ ಬರಲಿಲ್ಲ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗಾಗಿ ತರಗತಿ ಬಹಿಷ್ಕರಿಸಿ ಬೀದಿಗಿಳಿದದ್ದನ್ನು ನೀವು ಇದೇ ಪತ್ರಿಕೆಗಳಲ್ಲಿ ಓದಿರುತ್ತೀರಿ. ಖಾಸಗಿ ಕಾಲೇಜುಗಳಲ್ಲಿ ಕತೆ ಬಹಳ ಬೇರೆಯಿಲ್ಲ. ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ತಿಳಿಯದವರು ನಮ್ಮ ಮೂರು ವರ್ಷದ ಹಾದಿಯನ್ನು ಹೇಗೆ ನೋಡಿಕೊಳ್ಳಬೇಕು? ನಮ್ಮ ಮೂರನೇ ವರ್ಷಕ್ಕೆ ಮೇಡಂ ಬರಲಿಲ್ಲ, ಅವರ ಅವಧಿ ಮುಂದುವರಿಯಲಿಲ್ಲವಂತೆ. ಇನ್ನೂರು ಪುಟದ ನೋಟ್‌ಬುಕ್ಕೂ ಅವರ ಬ್ಯಾಗಿನಲ್ಲೇ ಹೋಯಿತು. ಹೊಸ ಮೆಂಟರ್ ಬಂದು, ಖಾಲಿ ಕಾರ್ಡು ಕೊಟ್ಟು, ಹೆಸರು, ರೋಲ್ ನಂಬರ್ ಬರೆಯಿರಿ ಅಂದರು.

ಆದ್ದರಿಂದ ನಾನು ಕೇಳುವುದು ಕಡಿಮೆ. ಇಂಜಿನಿಯರಿಂಗ್ ಕಾಲೇಜುಗಳ ಮೂರು ವಾರದ ಇಂಡಕ್ಷನ್‌ಗೆ ಎಐಸಿಟಿಇ ಹೇಳುವುದು ಇಪ್ಪತ್ತು ವಿದ್ಯಾರ್ಥಿಗಳಿಗೊಬ್ಬ ಮೆಂಟರ್ ಎಂದು. ಡಿಗ್ರಿ ಕಾಲೇಜಿಗೂ ಅದೇ ಸಂಖ್ಯೆ ಇರಲಿ, ಆಗದಿದ್ದರೆ ಮೂವತ್ತು, ಅರವತ್ತು ಬೇಡ. ವಾರಕ್ಕೆ ಎರಡು ಗಂಟೆ ಈ ಕೆಲಸವನ್ನು ಪಾಠದಷ್ಟೇ ಕಾರ್ಯಭಾರವೆಂದು ಲೆಕ್ಕ ಹಾಕಲಿ, ಅತಿಥಿ ಉಪನ್ಯಾಸಕರಿಗೆ ಅದಕ್ಕೂ ಹಣ ಕೊಡಲಿ. ನಾವು ಒಪ್ಪಿದರೆ ನೋಟ್‌ಬುಕ್ಕಿನ ಸಾರಾಂಶ ಮುಂದಿನ ಮೆಂಟರ್‌ಗೆ ಹೋಗಲಿ. ಹೇಳಬಾರದ್ದನ್ನು ನಾವೇ ಹೊಡೆದುಹಾಕುತ್ತೇವೆ. ಮತ್ತು ಆ ಶುಕ್ರವಾರ ನಾಲ್ಕು ಗಂಟೆಯ ಚೌಕವನ್ನು ದಯವಿಟ್ಟು ಬೆಳಿಗ್ಗೆಗೆ ತನ್ನಿ.

ಕಳೆದ ವಾರ ರಾಗಿಗುಡ್ಡ ಮೆಟ್ರೊ ನಿಲ್ದಾಣದ ಕೆಳಗೆ ನನ್ನ ಗೆಳೆಯ ಸಿಕ್ಕಿದ. ಬೆನ್ನಿಗೆ ಡೆಲಿವರಿ ಬ್ಯಾಗ್, ಒಂದು ಕಿವಿಯಲ್ಲಿ ಇಯರ್‌ಫೋನ್. ಈಗ ಪೂರ್ತಿ ದಿನ ಅದೇ ಕೆಲಸ. ಕಾಸ್ಟ್ ಅಕೌಂಟಿಂಗ್‌ನಲ್ಲಿ ನನಗೆ ಅರ್ಥವಾಗದ ಒಂದು ಲೆಕ್ಕ ಕೇಳಿದೆ. ಆರ್ಡರ್ ರೆಡಿಯಾಗುವ ಏಳು ನಿಮಿಷದಲ್ಲಿ, ಬಿಲ್ಲಿನ ಹಿಂಬದಿಯಲ್ಲಿ ಬಿಡಿಸಿ ತೋರಿಸಿದ. ವಾಪಸ್ ಸೇರೋಕೆ ಕೊನೆಯ ದಿನ ಯಾವಾಗ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಹಳೆಯ ಮೇಡಂ ನಂಬರ್ ನನ್ನ ಫೋನಿನಲ್ಲಿ ಇನ್ನೂ ಇದೆ, ಅವರಿಗೇ ಮೆಸೇಜ್ ಹಾಕಿದೆ. ಬಸ್ ಕಗ್ಗಲೀಪುರ ದಾಟುವಷ್ಟರಲ್ಲಿ ಉತ್ತರ ಬಂತು: ‘ಈಗ ಆ ಕಾಲೇಜಿನಲ್ಲಿಲ್ಲ. ಆದರೂ ಸೋಮವಾರದೊಳಗೆ ತಿಳಿದು ಹೇಳ್ತೀನಿ. ಅವನ ಆಧಾರ್ ಮ್ಯಾಪಿಂಗ್ ಆಗಿದೆಯಾ ಕೇಳು.’